ಹಾಡುವ ಯಂತ್ರದ ಮೂರನೇ ಗುಂಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವೆಸ್ಟರ್‌ಸೈಲ್ ಬಂದರಿನ ಎತ್ತುವ ಸೇತುವೆಯ ಪಕ್ಕ, ಸುತ್ತಲೂ ಗಾಜಿರುವ ಪುಟ್ಟ ಕೋಣೆಯಲ್ಲಿ ನಿಂಕೆ ವಿಯರ್ಸ್ಮಾ ಕೂತಿದ್ದಾರೆ. ಎಡಗೈ ಹತ್ತಿರ ಸೇತುವೆಯ ಹಿಡಿಕೆ, ಬಲಗೈ ಹತ್ತಿರ ಮೂಲೆ ಒಡೆದ ಲ್ಯಾಪ್‌ಟಾಪು, ಎರಡರ ನಡುವೆ ಕಾಫಿ ಫ್ಲಾಸ್ಕು. ಹೆಡ್‌ಫೋನಿನಲ್ಲಿ ಯಾರೋ ಗಂಡಸು ಬಹಳ ಗಂಭೀರವಾಗಿ ಹಾಡುತ್ತಿದ್ದಾನೆ. ಅದು ಮನುಷ್ಯನಲ್ಲ, ಯಂತ್ರ. ನಿಂಕೆ ಕಣ್ಣು ಮುಚ್ಚಿ ಕೇಳುತ್ತಾರೆ, ಹುಬ್ಬು ಗಂಟಿಕ್ಕುತ್ತಾರೆ, ಅದೇ ಸಾಲನ್ನು ಮತ್ತೆ ಹಾಡಿಸುತ್ತಾರೆ. ಹೊರಗೆ ಸೀಗಡಿ ದೋಣಿಯೊಂದು ಆಗಿನಿಂದ ಹಾರನ್ ಹೊಡೆಯುತ್ತಲೇ ಇದೆ.

ಮೇಜಿನ ಮೇಲಿನ ರೇಡಿಯೊ ಗೊರಗುಟ್ಟುತ್ತದೆ. "ನಿಂಕೆ, ಸೇತುವೆ ಎತ್ತೋ ಅಂದಾಜು ಏನಾದ್ರೂ ಇದ್ಯೇನಮ್ಮಾ? ಇಲ್ಲಾಂದ್ರೆ ಹೇಳಿಬಿಡು, ಇಂಗ್ಲೆಂಡ್ ಸುತ್ತಿಕೊಂಡು ಹಿತ್ತಲ ಬಾಗಿಲಿಂದ ಬರ್ತೀನಿ."

"ಸುತ್ತಿಕೊಂಡೇ ಬಾ. ಬರೋವಾಗ ಒಂದು ಪೊಟ್ಟಣ ಒಳ್ಳೇ ಟೀ ಪುಡಿ ತಗೊಂಡು ಬಾ," ಎನ್ನುತ್ತಾ ನಿಂಕೆ ಹಿಡಿಕೆ ತಳ್ಳುತ್ತಾರೆ. ಗಂಟೆ ಬಾರಿಸುತ್ತದೆ, ಕೆಂಪು ಬಿಳಿ ಅಡ್ಡಗಂಬ ಇಳಿಯುತ್ತದೆ, ರಸ್ತೆಯ ಒಂದು ತುಂಡು ನಿಧಾನವಾಗಿ ಆಕಾಶಕ್ಕೆ ಏಳುತ್ತದೆ. ದೋಣಿ ದಾಟುವಾಗ ಅದರ ಯಜಮಾನ ಕಿಟಕಿಯಿಂದ ನಾಲಿಗೆ ಚಾಚುತ್ತಾನೆ. ನಿಂಕೆಯೂ ಚಾಚುತ್ತಾರೆ. ಇಬ್ಬರಿಗೂ ಐವತ್ತು ದಾಟಿದೆ.

ಇವತ್ತು ಅವರ ತಲೆಬಿಸಿಗೆ ಕಾರಣ ದೋಣಿಯಲ್ಲ. "ಒಂದು ಗುಂಡಿ ಇದೆ," ಎನ್ನುತ್ತಾರೆ, ನನಗೆ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಬಗ್ಗಿಸುತ್ತಾ. "ಅದು ಇರ್ಬೇಕೋ ಹೋಗ್ಬೇಕೋ ಅಂತ ಇವತ್ತು ಹೇಳ್ಬೇಕು. ಇಡೀ ಪ್ರಪಂಚದಲ್ಲಿ ಅದನ್ನ ಒತ್ತೋರು ಒಬ್ರೇ ಒಬ್ರು. ತೆಗೆದ್ರೆ ಅವರು ಮೇಳ ಬಿಟ್ಟು ಹೋಗ್ತಾರೆ. ಇಟ್ರೆ ಮಿಕ್ಕೋರೆಲ್ಲ ನನ್ನ ತಲೆ ತಿಂತಾರೆ."

ಆ ಒಬ್ಬರು ಯಾರೆಂದು ನನಗೆ ಗೊತ್ತು. ನಮ್ಮ ಊರಿನ ಹಾಡುಗಾರರ ಮೇಳದಲ್ಲಿ ನನ್ನ ಬೆನ್ನ ಹಿಂದೆಯೇ ನಿಂತು ಇಷ್ಟು ವರ್ಷ ನನ್ನ ಬಲಗಿವಿಗೆ ಹಾಡಿದ ಮನುಷ್ಯ ಅವರು. ಅದಕ್ಕೇ, ಪತ್ರಿಕೆಗೆ ಬರೆಯುವ ನೆಪದಲ್ಲಿ, ಇಷ್ಟು ಬೇಗ ಎದ್ದು ಬಂದು ಇಲ್ಲಿ ಕೂತಿದ್ದೇನೆ.

ನಿಂಕೆಗೆ ಸಂಬಳ ಕೊಡುವ ಕೆಲಸ ಸೇತುವೆಯದು. ಸಂಬಳವಿಲ್ಲದ ಕೆಲಸದ ಹೆಸರು 'ಲೈಸ್ಟರ್', ಇಲ್ಲಿಯ ಒಂದು ಹಾಡುಹಕ್ಕಿಯ ಹೆಸರು ಅದು. ಲೈಸ್ಟರ್ ಸ್ವರಲಿಪಿ ಬರೆಯುವ ತಂತ್ರಾಂಶ. ಐದು ಗೆರೆಗಳ ಮೇಲೆ ಸ್ವರಗಳನ್ನು ಕೂರಿಸಿ, ಕೆಳಗೆ ಸಾಹಿತ್ಯವನ್ನು ಟೈಪ್ ಮಾಡಿದರೆ ಹಾಡುವವರ ಕೈಗೆ ಕೊಡುವಂಥ ಅಚ್ಚುಕಟ್ಟಾದ ಹಾಳೆ ಸಿದ್ಧ. ಯಾರು ಬೇಕಾದರೂ ಪುಕ್ಕಟೆಯಾಗಿ ಬಳಸಬಹುದು. ಯಾರು ಬೇಕಾದರೂ ಅದರ ಒಳಗಿನ ಕೋಡ್ ತೆರೆದು ನೋಡಿ, ತಿದ್ದಿ, ಹೊಸದನ್ನು ಬರೆದು ಕಳಿಸಬಹುದು. ಆದರೆ ಹಾಗೆ ಬಂದಿದ್ದನ್ನು ಓದಿ, ಸರಿಯಿದೆಯೇ ನೋಡಿ, ಮೂಲಕ್ಕೆ ಸೇರಿಸುವವರು ಯಾರಾದರೂ ಬೇಕಲ್ಲ. ಪ್ರಪಂಚದ ಎಷ್ಟೋ ಚರ್ಚುಗಳು, ಶಾಲೆಗಳು, ಬ್ಯಾಂಡುಗಳು ನಂಬಿಕೊಂಡಿರುವ ಆ ಯಾರಾದರೂ ಎಂದರೆ ನಮ್ಮೂರ ಸೇತುವೆಯ ಹೆಂಗಸು.

ಈ ಪಟ್ಟ ಅವರು ಬಯಸಿ ಪಡೆದಿದ್ದಲ್ಲ. "ಆಗ ಸಣ್ಣ ದೋಷ ಒಂದಿತ್ತು, ತಿದ್ದಿ ಕಳಿಸ್ದೆ ಅಷ್ಟೇ. 'ಧನ್ಯವಾದ, ಮೂಲಕ್ಕೆ ಸೇರಿಸೋಕೆ ನಿಮಗೂ ಒಂದು ಬೀಗದ ಕೈ ಕೊಟ್ಟಿದೀನಿ' ಅಂತ ಉತ್ತರ ಬಂತು. ಕೊಟ್ಟ ಪುಣ್ಯಾತ್ಮ ಆಮೇಲೆ ಜೇನು ಸಾಕೋಕೆ ಹೋದ. ಈಗ್ಲೂ ಪ್ರತಿ ಕ್ರಿಸ್‌ಮಸ್‌ಗೆ ಜೇನುತುಪ್ಪ ಕಳಿಸ್ತಾನೆ. ಕೋಡ್ ಬಗ್ಗೆ ಕೇಳಿದ್ರೆ ಮಾತ್ರ ಅವನಿಗೆ ಕಿವಿ ಕೇಳಲ್ಲ."

ಬೆಳಗಿನ ಮೊದಲ ದೋಣಿಗೂ ಎರಡನೇ ದೋಣಿಗೂ ನಡುವೆ ಅವರು ದೂರುಗಳನ್ನು ಓದುತ್ತಾರೆ. ಬರದ ದಿನವಿಲ್ಲ. ಅಚ್ಚಿನಲ್ಲಿ ಗೆರೆ ತೆಳ್ಳಗಿದೆ, ಗೆರೆ ದಪ್ಪಗಿದೆ, ಹೋದ ವರ್ಷ ಇದ್ದಂತೆ ಈ ವರ್ಷ ಏಕಿಲ್ಲ, ಹೋದ ವರ್ಷ ಇದ್ದದ್ದೇ ಈ ವರ್ಷವೂ ಏಕಿದೆ. ಪೋರ್ಚುಗಲ್‌ನ ಸನ್ಯಾಸಿನಿಯೊಬ್ಬರು ಆಶೀರ್ವಾದದಿಂದ ಶುರುಮಾಡಿ ಆಶೀರ್ವಾದದಿಂದಲೇ ಮುಗಿಸುತ್ತಾರೆ. ನಡುವೆ ಬರೆಯುವುದನ್ನು ಯಾವ ಸನ್ಯಾಸಿನಿಯೂ ಬರೆಯಬಾರದು. "ಸೇತುವೆಗೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ," ಎಂದು ನಿಂಕೆ ನಗುತ್ತಾರೆ. "ಸರಿಯಾಗಿ ಎದ್ದು ಇಳೀತಾ ಇದ್ರೆ ಯಾರೂ ಈ ಕಡೆ ತಿರುಗಿ ನೋಡಲ್ಲ. ಅರ್ಧಕ್ಕೆ ನಿಂತ ದಿನ ಊರಿಗೆ ಊರೇ ನನ್ನ ಹೆಸರು ಹಿಡಿದು ಕೂಗುತ್ತೆ."

ಇನ್ನು ರಿನ್ಸೆಯ ಕಥೆಗೆ ಬರಬೇಕು. ರಿನ್ಸೆ ದೋಣಿ ಕಟ್ಟುತ್ತಿದ್ದ ಬಡಗಿ, ಎಂಬತ್ತರ ಆಸುಪಾಸು. ನಮ್ಮ ಬಂದರು ಮೇಳದ ಮಂದ್ರ ಸಾಲಿನಲ್ಲಿ, ಬಾಗಿಲಿನಂಥ ಎದೆ ಹೊತ್ತು ನಿಲ್ಲುತ್ತಾರೆ. ಕೆಲವು ವರ್ಷಗಳಿಂದ ಅವರ ಕಣ್ಣಿನ ನಡುಭಾಗ ಮಸುಕಾಗಿದೆ. "ಅಂಚಲ್ಲಿ ಎಲ್ಲಾ ಕಾಣುತ್ತೆ. ನೇರ ನೋಡಿದ್ದು ಮಾತ್ರ ಮಾಯ," ಎಂದು ಅವರೇ ಹೇಳುತ್ತಾರೆ. "ಹಾಗಾಗಿ ನನ್ನ ಪಾಲಿಗೆ ಈ ಊರಲ್ಲಿ ಯಾರಿಗೂ ಮುಖ ಇಲ್ಲ, ಬರೀ ಕಿವಿ. ಕೆಲವರಿಗೆ ಅದೇ ವಾಸಿ."

ಹಾಳೆ ಓದಲಾಗದ ಮೇಲೆ ಅವರು ಪಕ್ಕದವರ ಬಾಯಿಂದ ಕೇಳಿ ಕೇಳಿ ಹಾಡು ಕಲಿಯತೊಡಗಿದರು. ಹಳೆಯ ಹಾಡುಗಳಿಗೆ ಅದು ನಡೆಯಿತು. ಹೊಸ ಹಾಡುಗಳಿಗೆ ಕಷ್ಟವಾಯಿತು. ನಿಂಕೆ ಲೈಸ್ಟರಿನಲ್ಲಿ ಮಂದ್ರದ ಸಾಲನ್ನು ಪಿಯಾನೊ ದನಿಯಲ್ಲಿ ನುಡಿಸಿ ಕೊಟ್ಟರೆ ರಿನ್ಸೆಗೆ ಸಮಾಧಾನವಿಲ್ಲ. "ಈ ಟಿಣ್‌ಟಿಣ್ ರಾಗ ಹೇಳುತ್ತೆ, ಮಾತು ಯಾರು ಹೇಳ್ತಾರೆ? ನಿನ್ನ ಯಂತ್ರಕ್ಕೆ ನಾಲಿಗೆ ಇಲ್ವೇನೇ?" ಎಂದು ಕಾಫಿ ವಿರಾಮದಲ್ಲಿ ಎಲ್ಲರ ಮುಂದೆ ಕೇಳಿದರು. ನಿಂಕೆಗೆ ಆ ಮಾತು ಚುಚ್ಚಿತು. ಯಂತ್ರಕ್ಕೆ ನಾಲಿಗೆ ಕಟ್ಟುವ ವಿದ್ಯೆ ಅವರಿಗೆ ಗೊತ್ತಿರಲಿಲ್ಲ.

ಗೊತ್ತಿದ್ದವನು ಫಿನ್‌ಲ್ಯಾಂಡಿನ ಉತ್ತರದಲ್ಲಿದ್ದ. ಓಯ್ವಾ ಎಂದು ಹೆಸರು, ಚರ್ಚುಗಳ ಆರ್ಗನ್ ವಾದ್ಯ ರಿಪೇರಿ ಮಾಡುವುದು ಕೆಲಸ. ಕಳೆದ ಶರತ್ಕಾಲದಲ್ಲಿ ಕೇಳದೆ ಕರೆಯದೆ ಅವನಿಂದ ಒಂದು ಕಾಣಿಕೆ ಬಂತು. ಬೆಟ್ಟದಷ್ಟು ಕೋಡು, ಅದರ ಮೇಲೆ ಎರಡೇ ಪದ: "ಹಾಡುತ್ತದೆ. ನೋಡಿ."

ನೋಡಿದರೆ ನಿಜವಾಗಿ ಹಾಡುತ್ತಿತ್ತು! ಸ್ವರದ ಕೆಳಗೆ ಬರೆದ ಸಾಹಿತ್ಯವನ್ನು ಓದಿ, ಅದೇ ಸ್ವರದಲ್ಲಿ, ಮನುಷ್ಯನ ದನಿಯಲ್ಲಿ. ದನಿ ಓಯ್ವಾನದೇ. ಚಳಿಗಾಲದ ಕೋಟುಗಳ ನಡುವೆ ಬಟ್ಟೆ ಬೀರುವಿನೊಳಗೆ ಕೂತು, ಬಾಯಿಂದ ಹೊರಡಬಹುದಾದ ಎಲ್ಲ ಸದ್ದುಗಳನ್ನೂ ಅವನು ರೆಕಾರ್ಡ್ ಮಾಡಿದ್ದ. ಅವನ ಹೆಂಡತಿ ಔನೆ ನಿಂಕೆಗೆ ಪ್ರತ್ಯೇಕವಾಗಿ ಬರೆದಳು: "ಮದುವೆಯಾದಾಗಿನಿಂದ ಕೇಳಿದ್ದಕ್ಕಿಂತ ಹೆಚ್ಚು ಅವನ ದನಿಯನ್ನು ಆ ಒಂದು ವಾರ ಬೀರುವಿನಿಂದ ಕೇಳಿದೆ. ನಿಮಗೆ ವಂದನೆ."

ಕುಣಿದಾಡಿ ಸೇರಿಸಿಬಿಡಬಹುದಿತ್ತಲ್ಲ ಎಂದು ನಾನು ಕೇಳುತ್ತೇನೆ. ನಿಂಕೆ ನನ್ನನ್ನು ಪಾಪ ಎಂಬಂತೆ ನೋಡುತ್ತಾರೆ. "ಕೊಡೋರು ಕೊಟ್ಟು ಹೋಗ್ತಾರೆ. ನಮ್ಮನೆ ಬಾಗಿಲಲ್ಲಿ ಆನೆ ಕಟ್ಟಿ, ಬರ್ತೀನಿ ಅಂತ ಹೋದ ಹಾಗೆ. ಆಮೇಲೆ ಮೇವು ಹಾಕೋದು, ಲದ್ದಿ ಎತ್ತೋದು ಎಲ್ಲಾ ನಾನೇ. ಒಂದೊಂದು ಗುಂಡೀನೂ ಸಾಯೋತನಕ ಸಾಕ್ಬೇಕು. ಹಾಗಂತ ನಾನೇ ನಿಯಮ ಮಾಡಿದೀನಿ, ಎಲ್ಲರಿಗೂ ಕಾಣೋ ಹಾಗೆ ಬರೆದೂ ಹಾಕಿದೀನಿ." ಈ ನಿಯಮ ನೆನಪಿರಲಿ, ಮುಂದೆ ಅವರ ಕಾಲಿಗೇ ಸುತ್ತಿಕೊಳ್ಳುತ್ತದೆ.

ಇಡೀ ಚಳಿಗಾಲ ಸೇತುವೆ ಕೋಣೆಗೂ ಫಿನ್‌ಲ್ಯಾಂಡಿಗೂ ನಡುವೆ ಜಗ್ಗಾಟ ನಡೆಯಿತು. ಓಯ್ವಾನ ಕಂಪ್ಯೂಟರಿನಲ್ಲಿ ಹಾಡಿದ್ದು ನಿಂಕೆಯ ಕಂಪ್ಯೂಟರಿನಲ್ಲಿ ಮೂಕಾಯಿತು. ಮೂಕತನ ಬಿಟ್ಟ ಮೇಲೆ ಕಹಳೆಯ ಸಾಲನ್ನೂ ಬಿಡದೆ "ಆ" ಎಂದು ಹಾಡಿತು. ಲೈಸ್ಟರ್ ತೆರೆದುಕೊಳ್ಳುವುದೇ ಎಷ್ಟು ನಿಧಾನವಾಯಿತೆಂದರೆ, ಅಷ್ಟರಲ್ಲಿ ಸೇತುವೆ ಎತ್ತಿ ದೋಣಿ ದಾಟಿಸಿ ಇಳಿಸಬಹುದಿತ್ತು. ಹಾಡು ಬೇಡದವರಿಗೆ ಆ ಭಾರ ಬೀಳಬಾರದು ಎಂದು ನಿಂಕೆ ಹಟ ಹಿಡಿದರು. ಅವರು ಪುಟಗಟ್ಟಲೆ ಬರೆದರೆ ಓಯ್ವಾ "ಸರಿ" ಎಂದೋ "ಇಲ್ಲ" ಎಂದೋ ಬರೆಯುತ್ತಿದ್ದ. ದೊಡ್ಡ ಜಗಳವಾದದ್ದು ಉಸಿರಿನ ಬಗ್ಗೆ. ಯಂತ್ರ ಉಸಿರೇ ತೆಗೆದುಕೊಳ್ಳದೆ ಪುಟದ ಕೊನೆಯವರೆಗೆ ಹಾಡುತ್ತಿತ್ತು.

"ಉಸಿರು ಬೇಕು," ಎಂದು ನಿಂಕೆ ಬರೆದರು.

"ಯಂತ್ರ ಸಾಯಲ್ಲ."

"ಅದನ್ನ ಕೇಳ್ಕೊಂಡು ಜೊತೆಗೆ ಹಾಡೋ ನಮ್ಮೂರ ಮುದುಕರು ಸಾಯ್ತಾರೆ."

"ಸರಿ."

ಮೇ ತಿಂಗಳ ಒಂದು ಬೆಳಗ್ಗೆ, ಮರಳಿನ ದೋಣಿ ದಾಟಿದ ಮೇಲೆ, ನಿಂಕೆ ಉಸಿರು ಬಿಗಿಹಿಡಿದು ಓಯ್ವಾನ ಕೋಡನ್ನು ಮೂಲಕ್ಕೆ ಸೇರಿಸಿದರು. ಆಸಕ್ತರು ಬಳಸಿ ನೋಡಲೆಂದು ಪರೀಕ್ಷೆಯ ಆವೃತ್ತಿ ಹೊರಬಿತ್ತು. ಓಯ್ವಾನಿಂದ ಸಂಭ್ರಮದ ಸಂದೇಶ ಬಂತು: "ಕಾಫಿ ಕುಡಿದೆ."

ಆ ಮಂಗಳವಾರ ಸಂಜೆ ಚರ್ಚಿನ ಹಿಂದಿನ ಸಭಾಂಗಣದಲ್ಲಿ ನಮ್ಮ ಅಭ್ಯಾಸ. ಮೇಳವನ್ನು ನಡೆಸುವ ವೋಪ್ಕೆ ಹಿಂದೆ ಭೌತಶಾಸ್ತ್ರದ ಮೇಷ್ಟ್ರಾಗಿದ್ದವರು, ಈಗಲೂ ನಮ್ಮನ್ನು ಒಂಬತ್ತನೇ ತರಗತಿ ಎಂದೇ ತಿಳಿದಿದ್ದಾರೆ. ಬಂದರು ಹಬ್ಬಕ್ಕೆ ಹೊಸ ಹಾಡು ಸಿದ್ಧವಾಗುತ್ತಿತ್ತು. ನಿಂಕೆ ಪಿಯಾನೊ ಮೇಲಿಟ್ಟ ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿ, ರಿನ್ಸೆಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿ, ಮಂದ್ರದ ಸಾಲನ್ನು ಹಾಡಿಸಿದರು. ಓಯ್ವಾನ ದನಿ ಸಭಾಂಗಣ ತುಂಬಿತು. ನಮ್ಮ ಮಾತಿಗೆ ಫಿನ್‌ಲ್ಯಾಂಡಿನ ಎಳೆತ ಸೇರಿ ಎಲ್ಲರಿಗೂ ನಗು ಬಂತು. ರಿನ್ಸೆ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಾ, "ಪ್ರತಿ ಮಾತೂ ಕೇಳುತ್ತೆ, ಪ್ರತಿ ಮಾತೂ!" ಎಂದರು. ನಿಂಕೆಯ ಕಣ್ಣು ಒದ್ದೆಯಾದದ್ದನ್ನು ಪಕ್ಕದಲ್ಲಿದ್ದ ನಾನು ನೋಡಿದೆ.

ಹಾಡಿಗೆ ಇದ್ದದ್ದು ಒಂದೇ ಚರಣ. ಅದು ಮುಗಿದ ಮೇಲೆ ಯಂತ್ರ ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಒಂದು ಉಸಿರು ಎಳೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿತು. ಅದೇ ರಾಗ, ಬೇರೆ ಮಾತು.

"ಪು...ಟ ತಿ...ರು...ಗಿ...ಸಿ," ಎಂದು ಅದು ಭಕ್ತಿಯಿಂದ ಹಾಡಿತು. ನಾವು ಮುಖ ಮುಖ ನೋಡಿಕೊಂಡೆವು. "ಮಂ...ದ್ರ...ದ...ವ...ರೇ, ತೂ...ಕ...ಡಿ...ಸ...ಬೇ...ಡಿ," ಎಂದು ಮೇಲಕ್ಕೆ ಏರಿತು. ಸಭಾಂಗಣ ನಗುವಿನಿಂದ ಬಿರಿಯಿತು. ಮಂದ್ರ ಸಾಲಿನ ಒಬ್ಬರಿಗೆ ಕೆಮ್ಮು ಹತ್ತಿ ನೀರು ಕುಡಿಸಬೇಕಾಯಿತು. ಹುಬ್ಬು ಮೇಲೇರಿಸಿಕೊಂಡು ಪಿಯಾನೊದತ್ತ ಓಡಿದವರು ವೋಪ್ಕೆ ಒಬ್ಬರೇ. ನಾವು ನಗುವಿನಲ್ಲಿ ಮರೆತಿದ್ದರೂ ಮುಂದೆ ಏನು ಬರಲಿದೆ ಎಂದು ಅವರಿಗೆ ಗೊತ್ತಿತ್ತು, ಯಾವ ಗುಂಡಿ ಒತ್ತಿದರೆ ನಿಲ್ಲುತ್ತದೆ ಎಂದು ಗೊತ್ತಿರಲಿಲ್ಲ.

ಮಂದ್ರದವರು ಬಾಯಿ ಮುಚ್ಚಿ ಗುನುಗುವ, ಹಾಡಿನ ಅತಿ ಸುಂದರವಾದ ಜಾಗ ಬಂತು. ಓಯ್ವಾನ ದನಿ ಅಲ್ಲಿ ಎಲ್ಲಕ್ಕಿಂತ ಮೃದುವಾಯಿತು. "ರಿ...ನ್ಸೆ ಇ...ಲ್ಲಿ ಬಾ...ಯಿ ಆ...ಡಿ...ಸಿ...ದ...ರೆ ಸಾ...ಕು. ಪ...ಕ್ಕ...ದ...ವ...ರು ಮೊ...ಣ...ಕೈ ತಾ...ಗಿ...ಸಿ."

ಯಾರೂ ನಗಲಿಲ್ಲ. ಯಂತ್ರ ಮತ್ತೊಂದು ಉಸಿರೆಳೆದು ನಿಂತಿತು.

ಏನಾಗಿತ್ತೆಂದರೆ, ಲೈಸ್ಟರಿನಲ್ಲಿ ಹಾಡುವವರಿಗೆ ಸೂಚನೆ ಬರೆಯಲು ಬೇರೆ ಜಾಗವಿದೆ, ಆದರೆ ಅಲ್ಲಿ ಬರೆದದ್ದು ಪುಟ ಬದಲಾದರೆ ಎಲ್ಲೆಲ್ಲೋ ಹಾರಿಹೋಗುತ್ತದೆ. ಹಿಂದೆ ಯಾರೋ ಈ ಬಗ್ಗೆ ಗೋಳಾಡಿದಾಗ, "ಎರಡನೇ ಚರಣದ ಸಾಲು ಖಾಲಿ ಇದ್ದರೆ ಅದರಲ್ಲೇ ಬರೆಯಿರಿ, ಸ್ವರದ ಕೆಳಗೆ ಅಲುಗದೆ ಕೂರುತ್ತೆ" ಎಂದು ನಿಂಕೆಯೇ ಉಪಾಯ ಹೇಳಿದ್ದರು. ವೋಪ್ಕೆ ಅದನ್ನು ಶಿರಸಾವಹಿಸಿ ಪಾಲಿಸಿದ್ದರು. ಅಚ್ಚಾದ ಹಾಳೆ ನಮ್ಮೆಲ್ಲರ ಕೈಯಲ್ಲಿತ್ತು, ನಾವೆಲ್ಲ ಅದನ್ನು ಓದಿದ್ದೆವು. ರಿನ್ಸೆಯ ಕೈಯಲ್ಲೂ ಇತ್ತು. ವೋಪ್ಕೆಯ ಕೈ ಕಾಣದ ಕಾರಣ ಆ ಗುನುಗಿನ ಜಾಗಗಳಲ್ಲಿ ರಿನ್ಸೆ ಯಾವಾಗಲೂ ಮುಂಚೆಯೇ, ಅದೂ ಹಡಗಿನ ಹಾರನ್ನಿನಷ್ಟು ಜೋರಾಗಿ, ಮುಂದಿನ ಮಾತು ಎತ್ತಿಬಿಡುತ್ತಿದ್ದರು.

ರಿನ್ಸೆ ಎದ್ದು ಕೋಟು ಹಾಕಿಕೊಂಡರು. "ಕಾಫಿ ಆಗಿದೆ ರಿನ್ಸೆ, ಕೂತ್ಕೊಳ್ಳಿ," ಎಂದು ಯಾರೋ ಅಂದರು.

"ಬೇಡ," ಎಂದರು ರಿನ್ಸೆ. ನಮ್ಮೂರಲ್ಲಿ ಹೆಣದ ಮನೆಯಲ್ಲೂ ಯಾರೂ ಕಾಫಿ ಬೇಡವೆನ್ನುವುದಿಲ್ಲ. ಬಾಗಿಲು ಮುಚ್ಚಿದ ಮೇಲೂ ಬಹಳ ಹೊತ್ತು ನಾವು ಬಿಸ್ಕತ್ತಿನ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

ಮರುದಿನದಿಂದ ಸೇತುವೆ ಕೋಣೆಗೆ ದೂರುಗಳ ಪ್ರವಾಹ. ನಿಂಕೆಯ ಆ ಉಪಾಯ ಇಡೀ ಪ್ರಪಂಚಕ್ಕೆ ಹಬ್ಬಿತ್ತು. ಎಸ್ಟೋನಿಯಾದ ಶಾಲೆಯೊಂದರಲ್ಲಿ ಯಂತ್ರ "ಚ್ಯೂಯಿಂಗ್ ಗಂ ಉಗುಳಿ" ಎಂದು ನಾಲ್ಕು ದನಿಗಳಲ್ಲಿ ಹಾಡಿತ್ತು. ಇಂಗ್ಲೆಂಡಿನ ಚರ್ಚಿನಲ್ಲಿ "ಪಾದ್ರಿಗಳು ಇಲ್ಲಿ ಕೆಮ್ಮುತ್ತಾರೆ, ಕಾಯಿರಿ" ಎಂಬುದನ್ನು ಪಾದ್ರಿಗಳೇ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದರು. ಪೋರ್ಚುಗಲ್‌ನ ಸನ್ಯಾಸಿನಿ ಈ ಬಾರಿ ಆಶೀರ್ವಾದವನ್ನೇ ಬಿಟ್ಟುಬಿಟ್ಟಿದ್ದರು. ಓದುತ್ತಾ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಂಕೆ ನಗಲಿಲ್ಲ. "ಯಾರಿಗೋಸ್ಕರ ಸೇರಿಸಿದ್ನೋ ಅವರೇ ಎದ್ದು ಹೋದ್ರಲ್ಲ. ಕಿತ್ತು ಹಾಕ್ಬಿಡೋಣ ಅನ್ನಿಸ್ತು. ಸೇರಿಸೋಕೆ ಚಳಿಗಾಲ ಪೂರ್ತಿ ಬೇಕಾಯ್ತು, ಕೀಳೋಕೆ ಒಂದು ಕಾಫಿ ಹೊತ್ತು ಸಾಕು."

ತಡೆದವನು ಓಯ್ವಾ. ಅವನು ಬದುಕಿನಲ್ಲಿ ಬರೆದ ಅತಿ ಉದ್ದದ ಸಂದೇಶ ಅದಿರಬೇಕು: "ತಪ್ಪು ಹಾಡಲಿಲ್ಲ. ಬರೆದದ್ದನ್ನು ಹಾಡಿತು. ಸೂಚನೆಯ ಸಾಲಿಗೆ ಗುರುತು ಹಾಕೋಣ. ಗುರುತಿದ್ದರೆ ಬಾಯಿ ಮುಚ್ಚಲಿ. ನಾನು ಎಲ್ಲಿಗೂ ಹೋಗಲ್ಲ." ಕೊನೆಯ ಮಾತನ್ನು ನಿಂಕೆ ನನಗೆ ಎರಡು ಸಲ ಓದಿ ಹೇಳಿದರು. ಇಷ್ಟು ವರ್ಷಗಳಲ್ಲಿ ಹಾಗೆ ಬರೆದವರು ಅವನೊಬ್ಬನೇ. ಇಬ್ಬರೂ ಕೂತು ಹಾಗೇ ಮಾಡಿದರು. ಯಂತ್ರ ಸೂಚನೆಗಳನ್ನು ಹಾಡುವುದು ನಿಂತಿತು.

ನಿಂಕೆ ಸೈಕಲ್ ಹತ್ತಿ ರಿನ್ಸೆಯ ಮನೆಗೆ ಹೋದರು, ಕೈಯಲ್ಲಿ ಸಕ್ಕರೆ ಬ್ರೆಡ್ಡು ಹಿಡಿದುಕೊಂಡು. "ಸರಿ ಮಾಡಿದೀನಿ ರಿನ್ಸೆ. ಇನ್ಮೇಲೆ ಯಂತ್ರ ಅಂಥದ್ದನ್ನೆಲ್ಲ ನಿಮ್ಮ ಕಿವಿಗೆ ಬೀಳಿಸಲ್ಲ."

"ಯಾರು ಹೇಳಿದ್ರು ನಿನಗೆ ಸರಿಮಾಡು ಅಂತ?" ರಿನ್ಸೆ ಗುಡುಗಿದರಂತೆ. ಅವರೇ ನನ್ನ ಮುಂದೆ ಅಷ್ಟೇ ಜೋರಾಗಿ ಮತ್ತೆ ಗುಡುಗಿ ತೋರಿಸಿದರು. "ಆ ಪಕ್ಕದೋನು ಗುನುಗೋ ಜಾಗ ಬಂದಾಗೆಲ್ಲ ಮೊಣಕೈಲಿ ತಿವೀತಿದ್ದ. ನಾನು ಪೆದ್ದ, 'ಭೇಷ್ ರಿನ್ಸೆ' ಅಂತಿದಾನೆ ಅಂದ್ಕೊಂಡು ಇನ್ನೂ ಜೋರಾಗಿ ಹಾಡ್ತಿದ್ದೆ! ಈ ಊರಲ್ಲಿ ಮೀನು ಕೊಳೆತ್ರೆ ಕೊಳೆತಿದೆ ಅಂತಾರೆ, ಹೊಸ ಕೋಟು ಚೆನ್ನಾಗಿಲ್ದಿದ್ರೆ ಚೆನ್ನಾಗಿಲ್ಲ ಅಂತಾರೆ, ಮುಖದ ಮೇಲೆ. ಆ ವೋಪ್ಕೆ ನನ್ನ ಮಗಳ ಮದುವೇಲಿ ನನ್ನ ಭಾಷಣ ಬೋರು ಅಂತ ಮೈಕಲ್ಲಿ ಹೇಳಿದೋನು. ಕಣ್ಣು ಹೋದ ತಕ್ಷಣ ನಾನು ಗಾಜಿನ ಬೊಂಬೆ ಆಗ್ಬಿಟ್ನಾ? ಎಲ್ರೂ ಸೇರಿ ಕನಿಕರ ಪಟ್ರಿ. ಕನಿಕರ ಪಡ್ದೆ ಮುಖಕ್ಕೆ ಹೇಳಿದ್ದು ಆ ಯಂತ್ರ ಒಂದೇ. ಅದರ ಬಾಯಿ ಮುಚ್ಚಿಸಿ ಬಂದಿದೀಯಲ್ಲೇ ನೀನು!"

ಸಕ್ಕರೆ ಬ್ರೆಡ್ಡು ಅರ್ಧ ಮುಗಿಯುವ ಹೊತ್ತಿಗೆ ರಿನ್ಸೆ ತಮ್ಮ ಷರತ್ತು ಹೇಳಿದರು. ಹಾಳೆಯಲ್ಲಿ ಏನಿದೆಯೋ ಅಷ್ಟೂ ತನಗೆ ಕೇಳಬೇಕು, ಬೇರೆಯವರಿಗೆ ಕಾಣುವಷ್ಟೂ. ಆಗ ಮೇಳಕ್ಕೆ ಬರುತ್ತೇನೆ, ಇಲ್ಲದಿದ್ದರೆ ಇಲ್ಲ.

ಹೀಗೆ ಹುಟ್ಟಿತು ಮೂರನೇ ಗುಂಡಿ. ಮೊದಲನೆ ಗುಂಡಿ ಒತ್ತಿದರೆ ಯಂತ್ರ ಹಾಡುತ್ತದೆ, ಎರಡನೆಯದಕ್ಕೆ ನಿಲ್ಲುತ್ತದೆ, ಮೂರನೆಯದಕ್ಕೆ ಸೂಚನೆಗಳನ್ನೂ ಹಾಡುತ್ತದೆ. "ಯಾರಿಗೆ ಬೇಕು?" ಎಂದು ಓಯ್ವಾ ಕೇಳಿದ. "ಒಬ್ಬರಿಗೆ," ಎಂದು ನಿಂಕೆ ಬರೆದರು. "ಸಾಕು," ಎಂದು ಉತ್ತರ ಬಂತು.

ಎಲ್ಲರಿಗೂ ಸಾಕಾಗಲಿಲ್ಲ. ಲೈಸ್ಟರಿಗೆ ದುಡಿಯುವ ಸ್ವಯಂಸೇವಕರಲ್ಲಿ ಬ್ರೆಮೆನ್‌ನ ಫೋಲ್ಕ್‌ಹಾರ್ಟ್ ಎಂಬಾತ ಅಚ್ಚುಕಟ್ಟಿನ ಮನುಷ್ಯ. ಆವೃತ್ತಿ ಎಲ್ಲರಿಗಾಗಿ ಬಿಡುಗಡೆಯಾಗುವ ಮುಂಚೆ ಈ ಗುಂಡಿಯನ್ನು ತೆಗೆಯಬೇಕು ಎಂದು ಅವನು ಪಟ್ಟು ಹಿಡಿದಿದ್ದಾನೆ. ಸಮರ್ಥನೆಗೆ ನಿಂಕೆಯ ನಿಯಮವನ್ನೇ ಎತ್ತಿ ಅವರ ಮುಂದಿಟ್ಟಿದ್ದಾನೆ: ಒಂದೊಂದು ಗುಂಡಿಯನ್ನೂ ಸಾಯುವತನಕ ಸಾಕಬೇಕು. ಒಬ್ಬ ಮುದುಕನಿಗಾಗಿ ಎಲ್ಲರೂ ಏಕೆ ಸಾಕಬೇಕು? ಬೇಕಿದ್ದರೆ ನಿಂಕೆ ತಮ್ಮ ಕಂಪ್ಯೂಟರಿನಲ್ಲಿ ಗುಂಡಿಯಿರುವ ಒಂದು ಪ್ರತಿಯನ್ನು ಸದ್ದಿಲ್ಲದೆ ಇಟ್ಟುಕೊಂಡು ಆ ಹಿರಿಯರಿಗೆ ಕೊಡಲಿ, ಯಾರಿಗೂ ಗೊತ್ತಾಗುವುದಿಲ್ಲ. ಅವನ ಮಾತಿಗೆ ತಲೆದೂಗಿದವರು ಬಹಳ ಜನ.

"ಮೊದಲಾಗಿದ್ರೆ ನಾನೂ ಅದನ್ನೇ ಹೇಳ್ತಿದ್ದೆ," ಎಂದು ನಿಂಕೆ ಒಪ್ಪಿಕೊಳ್ಳುತ್ತಾರೆ. "ನಿನ್ನೆ ರಿನ್ಸೆಗೆ ಕೇಳ್ದೆ, ನಿಮಗೆ ಮಾತ್ರ ಬೇರೆ ಪ್ರತಿ ಮಾಡಿಕೊಡ್ಲಾ ಅಂತ. ಅವರು ಏನಂದ್ರು ಗೊತ್ತಾ? 'ನನಗೋಸ್ಕರ ಗುಟ್ಟಾಗಿ ಮಾಡಿದ್ದು ಒಂದು ಸಲ ಆಯ್ತು. ಇನ್ನೊಂದು ಬೇಡ' ಅಂದ್ರು."

ಈ ನಡುವೆ ಒಂದು ಮಾತು ಹೇಳಬೇಕು. ವೋಪ್ಕೆ ಕ್ಷಮೆ ಕೇಳಿದರೇ ಎಂದರೆ, ನಮ್ಮವರು ಕೇಳುವ ರೀತಿಯಲ್ಲಿ ಕೇಳಿದರು. ರಿನ್ಸೆ ಮರಳಿ ಬಂದ ಮಂಗಳವಾರ ತಾವೇ ಕಾಫಿ ತಂದುಕೊಟ್ಟರು, ಬಿಸ್ಕತ್ತಿನ ಡಬ್ಬಿಯನ್ನು ಎರಡನೇ ಸಲವೂ ಅವರ ಮುಂದೆ ಹಿಡಿದರು. ನಮ್ಮಲ್ಲಿ ಒಂದು ಕಾಫಿಗೆ ಒಂದೇ ಬಿಸ್ಕತ್ತು, ಎರಡನೆಯದನ್ನು ಈ ಸಭಾಂಗಣ ಅದುವರೆಗೆ ಕಂಡಿರಲಿಲ್ಲ.

"ಮುಂಚೆ ಎತ್ತಿಬಿಡ್ತೀಯ, ರಿನ್ಸೆ. ಕತ್ತೆ ಹಾಗೆ ಕಿರುಚ್ತೀಯ," ಎಂದರು ವೋಪ್ಕೆ, ಎಲ್ಲರ ಮುಂದೆ, ಮುಖಕ್ಕೆ.

"ನಿನ್ನ ಕೈ ಕಾಣಲ್ಲ ಕಣೋ," ಎಂದರು ರಿನ್ಸೆ, ಬಹಳ ಖುಷಿಯಿಂದ. "ಯಾವಾಗ ಎತ್ಬೇಕು ಅಂತ ಹಾಳೇಲಿ ಬರಿ. ಬರೆದ್ರೆ ನನಗೆ ಕೇಳುತ್ತೆ."

ವೋಪ್ಕೆ ಮನೆಗೆ ಹೋಗಿ ಹಳೆಯ ಸೂಚನೆ ಅಳಿಸಿ ಹೊಸದು ಬರೆದರು. ಈಗ ಗುನುಗಿನ ಆ ಜಾಗದಲ್ಲಿ, ಒಂದೊಂದು ಸ್ವರದ ಕೆಳಗೂ ಒಂದೊಂದು ಮಾತಿದೆ. ಮನೆಯಲ್ಲಿ ಮೂರನೇ ಗುಂಡಿ ಒತ್ತಿ ರಿನ್ಸೆ ಅದನ್ನು ಕೇಳಿ ಕೇಳಿ ಕಲಿತಿದ್ದಾರೆ. ಅಭ್ಯಾಸದಲ್ಲಿ ಅದನ್ನೂ ಮೂಗಿನಲ್ಲೇ ಹಾಡಿಕೊಳ್ಳುತ್ತಾರೆ, ನನ್ನ ಬಲಗಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ತಮಾಷೆಯೆಂದರೆ ಅವರ ಗುನುಗನ್ನು ಕೇಳಿಕೊಂಡು ಮಂದ್ರದ ಸಾಲಿಗೆ ಸಾಲೇ ಈಗ ಸರಿಯಾದ ಹೊತ್ತಿಗೆ ಎತ್ತುತ್ತಿದೆ. ಕಣ್ಣು ಸರಿಯಿದ್ದವರು ಯಾರೂ ವೋಪ್ಕೆಯ ಕೈಯನ್ನು ನೋಡುತ್ತಲೇ ಇರಲಿಲ್ಲ ಎಂಬುದು ಹೀಗೆ ಬಯಲಾಯಿತು.

ಮತ್ತೆ ಹಾರನ್ ಆಗುತ್ತದೆ. ಹಾಯಿದೋಣಿಯೊಂದು ಬರುತ್ತಿದೆ. ನಿಂಕೆ ಹಿಡಿಕೆ ತಳ್ಳುತ್ತಾರೆ, ಅಡ್ಡಗಂಬ ಇಳಿಯುತ್ತದೆ. ಅಡ್ಡಗಂಬದ ಆಚೆ ಬೆಳಗಿನ ಬ್ರೆಡ್ಡಿಗೆ ಹೊರಟ ರಿನ್ಸೆ ನಿಂತಿದ್ದಾರೆ, ಕಿವಿಯಲ್ಲಿ ಇಯರ್‌ಫೋನು, ಕಂಕುಳಲ್ಲಿ ಬಟ್ಟೆ ಚೀಲ. ಗಾಜಿನ ಒಳಗೆ ನಾವಿದ್ದೇವೆಂದು ಅವರಿಗೆ ಕಾಣುವುದಿಲ್ಲ. ಬಂದರಿಗೆಲ್ಲ ಕೇಳುವಂತೆ ಹಾಡುತ್ತಿದ್ದಾರೆ, ಹಾಡಿನ ಮಾತು ಯಾವುದು ಸೂಚನೆ ಯಾವುದು ಎಂಬ ಭೇದವಿಲ್ಲದೆ. "ಪುಟ ತಿರುಗಿಸಿ" ಎಂಬುದಕ್ಕೆ ಒಂದು ಸೊಗಸಾದ ಗಮಕ ಬೇರೆ. ಗುನುಗಿನ ಜಾಗ ಬರುತ್ತದೆ. ಅವರು ತಲೆ ತಗ್ಗಿಸಿ ಮೆಲ್ಲಗೆ ಶುರುಮಾಡುತ್ತಾರೆ: "ತಡಿ, ರಿನ್ಸೆ... ತಡಿ... ತಡಿ..." ಅಷ್ಟರಲ್ಲಿ ಹಾಯಿದೋಣಿ ದಾಟಿ ಹೋಗಿ ಸೇತುವೆ ಕೆಳಗಿಳಿಯುತ್ತದೆ, ಗಂಟೆ ನಿಲ್ಲುತ್ತದೆ. "ಈಗ!" ಎಂದು ರಿನ್ಸೆ ಎದೆ ತೆರೆದು ಎತ್ತುತ್ತಾರೆ, ಸರಿಯಾದ ಹೊತ್ತಿಗೆ, ಕೂದಲೆಳೆಯಷ್ಟೂ ಮುಂಚೆಯಲ್ಲ.

ನಿಂಕೆ ಲ್ಯಾಪ್‌ಟಾಪಿನತ್ತ ತಿರುಗಿ ಫೋಲ್ಕ್‌ಹಾರ್ಟನಿಗೆ ಒಂದು ಸಾಲು ಬರೆಯುತ್ತಾರೆ: "ಗುಂಡಿ ಇರುತ್ತೆ. ಸಾಕುವವಳು ನಾನು." ಚರ್ಚೆಯನ್ನು ಅಲ್ಲಿಗೇ ಮುಚ್ಚಿ, ಫ್ಲಾಸ್ಕಿನಲ್ಲಿ ಉಳಿದ ಕಾಫಿ ಬಗ್ಗಿಸಿಕೊಳ್ಳುತ್ತಾರೆ. ಫಿನ್‌ಲ್ಯಾಂಡಿನಿಂದ ಉತ್ತರ ಬಂದೇಬಿಡುತ್ತದೆ: "ನಾನೂ."

ಇಷ್ಟೆಲ್ಲ ದುಡಿದದ್ದಕ್ಕೆ ನಿಮಗೇನು ಆಸೆ ಎಂದು ನಾನು ಕೇಳುತ್ತೇನೆ. ಪತ್ರಿಕೆಗೆ ಬರೆಯುವವರು ಕೇಳಲೇಬೇಕಾದ ಪ್ರಶ್ನೆ.

"ದೂರು ಇಲ್ದೇ ಇರೋ ಒಂದು ಬೆಳಗ್ಗೆ," ಎನ್ನುತ್ತಾರೆ ನಿಂಕೆ. ತೆರೆಯ ಮೇಲೆ ಹೊಸ ದೂರುಗಳು ಆಗಲೇ ಸಾಲುಗಟ್ಟಿವೆ, ಎಲ್ಲಕ್ಕಿಂತ ಮೇಲೆ ಸನ್ಯಾಸಿನಿಯ ಆಶೀರ್ವಾದ. ನಿಂಕೆ ಅದನ್ನು ತೆರೆಯುವ ಮುಂಚೆ ಗಾಜಿನಾಚೆ ನೋಡುತ್ತಾರೆ. ರಿನ್ಸೆ ಸೇತುವೆಯ ನಡುವಿಗೆ ಬಂದಿದ್ದಾರೆ, ಹಾಡುತ್ತಲೇ.

"ಲೈಸ್ಟರಲ್ಲಿ ಎಷ್ಟು ಗುಂಡಿ ಇದಾವೆ ಅಂತ ನನಗೇ ಲೆಕ್ಕ ಇಲ್ಲ. ಒಂದೊಂದರ ಮೇಲೂ ದೂರಿದೆ," ಎನ್ನುತ್ತಾರೆ. "ಆ ಮೂರನೇದನ್ನ ಬಳಸೋರೆಲ್ಲ ತೃಪ್ತರು, ನೋಡು. ಇವತ್ತಿನವರೆಗೆ ಅವರಿಂದ ಒಂದೂ ದೂರು ಬಂದಿಲ್ಲ."